ಡೈರಿ ಜಗಲಿ ಮೇಲೆ ಹಾಸಿದ ನಕ್ಷೆ

ಮೊದಲ ಸಭೆಗೆ ಹನ್ನೊಂದು ಜನ ಬಂದಿದ್ದರು. ಎಲ್ಲರೂ ಗಂಡಸರು. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಒಂದು ಊರು, ಸಂಜೆ ಹೊತ್ತು, ಅರಳಿಕಟ್ಟೆ. ನಾನು ನಗರ ಯೋಜನೆ ಓದಿದವನು. ಕರಡು ಮಾಸ್ಟರ್ ಪ್ಲಾನ್ ಬಗ್ಗೆ ಊರಿನವರಿಂದಲೇ ಆಕ್ಷೇಪಣೆ ಬರೆಸೋಣ ಅಂತ ಹೋಗಿದ್ದೆ. ಹೋದವನೇ ಹಾಜರಿ ಪುಸ್ತಕ ಮುಂದಿಟ್ಟೆ. ಅದೇ ತಪ್ಪಾಯಿತು.

“ಸಹಿ ಹಾಕಿದ್ರೆ ಜಮೀನು ಕೊಡೋಕೆ ಒಪ್ಕೊಂಡ ಹಾಗೆ ಅಲ್ವಾ ಸಾರ್?” ಅಂತ ಹಿರಿಯರೊಬ್ಬರು ಕೇಳಿದರು.

ಆ ಭಯ ಸುಮ್ನೆ ಬಂದಿದ್ದಲ್ಲ. ನಿಲ್ದಾಣಕ್ಕೇ ಸುಮಾರು 4,000 ಎಕರೆ ಹೋಗಿದೆ. ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಜಾಸ್ತಿ ಹೋರಾಡಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಇಂಥ ಕಡೆ ಗುರುತಿಲ್ಲದವನ ಪುಸ್ತಕಕ್ಕೆ ಯಾರು ಸಹಿ ಹಾಕುತ್ತಾರೆ? ಪುಸ್ತಕ ಚೀಲಕ್ಕೆ ಸೇರಿತು. ಸ್ವಾಧೀನದ ನೋಟಿಸ್ ಬೇರೆ, ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಮಾಸ್ಟರ್ ಪ್ಲಾನ್ ಬೇರೆ. ಇಷ್ಟು ವಿವರಿಸುವುದಕ್ಕೇ ಎರಡು ಸಂಜೆ ಹಿಡಿಯಿತು.

ಹೆಂಗಸರು ಯಾಕೆ ಬರುತ್ತಿಲ್ಲ ಅಂತ ಕೇಳಿದಾಗ ಒಬ್ಬ ಅಕ್ಕ, “ಬೆಳಿಗ್ಗೆ ಡೈರಿ ಹತ್ರ ಬನ್ನಿ, ಎಲ್ಲಾ ಸಿಕ್ತೀವಿ” ಅಂದರು. ಹಾಲು ಹಾಕಲು ಬಂದವರ ಮುಂದೆ ಜಗಲಿ ಮೇಲೆ ನಕ್ಷೆ ಹಾಸಿದೆ. ಹಳದಿ ಅಂದರೆ ಮನೆ, ನೀಲಿ ಅಂದರೆ ವ್ಯಾಪಾರ, ನೇರಳೆ ಅಂದರೆ ಕೈಗಾರಿಕೆ, ಹಸಿರು ಅಂದರೆ ಕೃಷಿ. ಬಣ್ಣ ತಿಳಿದ ಮೇಲೂ ತಮ್ಮ ಹೊಲ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಹಳೇ ಗ್ರಾಮ ನಕಾಶೆಯನ್ನು ಅದೇ ಅಳತೆಗೆ ಟ್ರೇಸಿಂಗ್ ಹಾಳೆಯಲ್ಲಿ ಬರೆದು ತಂದು ಮೇಲಿಟ್ಟೆ. ಸರ್ವೆ ನಂಬರ್ ಕಂಡಿದ್ದೇ ತಡ, ಒಬ್ಬೊಬ್ಬರೂ ಬೆರಳಿಟ್ಟು ತಮ್ಮ ಬಾವಿ, ತಮ್ಮ ಬದು ತೋರಿಸತೊಡಗಿದರು.

ಆ ಭಾನುವಾರ ನಕ್ಷೆ ಹಿಡಿದು ಊರು ಸುತ್ತಿದೆವು. ಕರಡಿನ ಹೊಸ ರಸ್ತೆ, ಕೆರೆಗೆ ನೀರು ತರುವ ಕಾಲುವೆಯ ಮೇಲೇ ಹಾದಿತ್ತು. ಬೇಸಿಗೆಯಲ್ಲಿ ಅದು ಬರೀ ಹುಲ್ಲು ಬೆಳೆದ ತಗ್ಗು. ದನ ಮೇಯಿಸುವವರಿಗೆ ಮಾತ್ರ ಮಳೆಗಾಲದಲ್ಲಿ ಅಲ್ಲಿ ಎಷ್ಟು ನೀರು ಓಡುತ್ತದೆ ಅಂತ ಗೊತ್ತು. ಸ್ಮಶಾನಕ್ಕೆ ಹೋಗುವ ಬಂಡಿದಾರಿಯಂತೂ ಕರಡಿನಲ್ಲಿ ಇರಲೇ ಇಲ್ಲ.

ಎಲ್ಲದರಲ್ಲೂ ಒಮ್ಮತ ಬರಲಿಲ್ಲ. ಹೊಲಕ್ಕೆ ಹಸಿರು ಬಣ್ಣ ಬಿದ್ದರೆ ಬೆಲೆ ಹೋಯಿತು ಅಂತ ಕೆಲವರಿಗೆ ಸಂಕಟ. ದ್ರಾಕ್ಷಿ, ಚಕ್ಕೋತ ಬೆಳೆಯುವವರಿಗೆ ಹಸಿರೇ ಉಳಿಯಬೇಕು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಕಡೆ. ಎರಡೂ ಮಾತನ್ನು ಬೇರೆ ಬೇರೆ ಅರ್ಜಿಯಾಗಿ ಬರೆಸಿದೆ. ಒತ್ತಾಯ ಮಾಡಿ ಒಪ್ಪಿಸುವುದಕ್ಕಿಂತ ಅದೇ ಸರಿ ಅಂತ ಈಗಲೂ ಅನಿಸುತ್ತದೆ. ಕಾಲುವೆ, ಸ್ಮಶಾನದ ದಾರಿ ವಿಷಯದಲ್ಲಿ ಮಾತ್ರ ಇಡೀ ಊರು ಒಂದಾಗಿತ್ತು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆಕ್ಷೇಪಣೆಗೆ 60 ದಿನ ಕೊಡುತ್ತದೆ. ನಮಗೆ ಸುದ್ದಿ ತಿಳಿಯುವಷ್ಟರಲ್ಲಿ ಅರ್ಧ ಕಳೆದಿತ್ತು. ಹಾಗಾಗಿ ನಿಮ್ಮೂರಿನ ಗ್ರಾಮ ನಕಾಶೆ, ಪಹಣಿ, ಫೋಟೊ ಮೊದಲೇ ಸೇರಿಸಿಟ್ಟುಕೊಳ್ಳಿ. “ನಮಗೆ ಬೇಡ” ಅಂತಷ್ಟೇ ಬರೆದರೆ ಅರ್ಜಿ ಪಕ್ಕಕ್ಕಿಡುವುದು ಸುಲಭ. ಇಂಥ ಸರ್ವೆ ನಂಬರಿನಲ್ಲಿ ಕಾಲುವೆ ಇದೆ, ಫೋಟೊ ಇಲ್ಲಿದೆ ಅಂದರೆ ಯಾರಾದರೂ ಬಂದು ನೋಡಲೇಬೇಕಾಗುತ್ತದೆ.

ನೋಡಲು ಬಂದರು. ಕಾಲುವೆ ಅಳೆಯುವಾಗ ಮುಂದೆ ನಿಂತು ದಾರಿ ತೋರಿಸಿದ್ದು ಡೈರಿಯ ಅಕ್ಕಂದಿರು. ಬಂಡಿದಾರಿಗೆ ಇನ್ನೂ ಉತ್ತರ ಬಂದಿಲ್ಲ. ಆ ಅರ್ಜಿಯ ಸೀಲು ಹಾಕಿದ ಪ್ರತಿಯನ್ನು ಡೈರಿ ಗೋಡೆಗೆ ಅಂಟಿಸಿದ್ದೇವೆ.