ಸ್ಪ್ರಿಂಕ್ಲರ್ ನೀರಿಗೊಂದು ಸಮೀಕರಣ

ಬೇಸಿಗೆ ಬಂತೆಂದರೆ ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಸ್ಪ್ರಿಂಕ್ಲರಿನ ಟಕಟಕ ಸದ್ದು. ಚಿಮ್ಮಿದ ನೀರು ಮೇಲೇರಿ, ಬಾಗಿ, ಕೆಳಗಿಳಿಯುತ್ತದಲ್ಲ, ಆ ಕಮಾನೇ ಪರವಲಯ (ಪ್ಯಾರಾಬೋಲಾ). ಎಸೆದ ವಸ್ತು ಸಾಗುವ ದಾರಿ ಇದೇ ಎಂದು ಗೆಲಿಲಿಯೊ 1638ರಲ್ಲೇ ಬರೆದಿಟ್ಟ. ಎರಡು ಬಿಂದು ಅಳೆದು ಈ ಕಮಾನಿನ ಸಮೀಕರಣ ಬರೆಯುವ ಲೆಕ್ಕ, ಪಿಯುಸಿ ಓದುವ ಅಣ್ಣನ ಮಗಳಿಗೆ ಪುಸ್ತಕದಲ್ಲಿ ತಲೆಗೆ ಹತ್ತದ್ದು, ತೋಟದಲ್ಲಿ ಹತ್ತಿತು. ಬೇಕಾದದ್ದು ಒಂದು ಟೇಪು, ಅಡಿಯ ಗುರುತು ಹಾಕಿದ ದೋಟಿ. ಮೈ ಒದ್ದೆಯಾಗುತ್ತದೆ, ಅದಕ್ಕೆ ಉಪಾಯವಿಲ್ಲ.

ಮೊದಲು ಸ್ಪ್ರಿಂಕ್ಲರಿನ ತಲೆ ತಿರುಗದಂತೆ ಹಿಡಿದು ನಿಲ್ಲಿಸಿ. ಅದು ನಿಂತ ಕೋಲು ವೈ ಅಕ್ಷ, ನೆಲ ಎಕ್ಸ್ ಅಕ್ಷ. ನೀರು ಹೊರಡುವ ಬಾಯಿ ನೆಲದಿಂದ 3 ಅಡಿ ಮೇಲಿದೆ ಎನ್ನಿ. ಕಮಾನು ವೈ ಅಕ್ಷವನ್ನು ಕತ್ತರಿಸುವ ಬಿಂದು ಅದೇ: (0, 3). ನೀರು ಎಲ್ಲಕ್ಕಿಂತ ಮೇಲೆ ಮುಟ್ಟುವ ಜಾಗ ಕೋಲಿನಿಂದ 12 ಅಡಿ ದೂರ, 9 ಅಡಿ ಎತ್ತರ. ಅದು ಶೃಂಗ: (12, 9). ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಶೃಂಗ ಗೊತ್ತಿದ್ದರೆ ಸಮೀಕರಣ ಮುಕ್ಕಾಲು ಪಾಲು ಸಿದ್ಧ:

ವೈ = ಎ(ಎಕ್ಸ್ − 12)² + 9

ಉಳಿದದ್ದು ಎ ಒಂದೇ. ಕಮಾನು ಎಷ್ಟು ಅಗಲ, ಮೇಲ್ಮುಖವೋ ಕೆಳಮುಖವೋ ಎಂದು ಹೇಳುವುದು ಅದು. ಈಗ (0, 3) ಹಾಕಿ:

3 = ಎ(0 − 12)² + 9
3 = 144ಎ + 9
ಎ = −6/144 = −1/24

ಹೆಚ್ಚಿನವರು ಎಡವುವುದು ಇಲ್ಲೇ. ಮೈನಸ್ 12ರ ವರ್ಗ ಪ್ಲಸ್ 144. ಇನ್ನೊಂದು ಗುಂಡಿಯೂ ಇದೆ: ಶೃಂಗ ಎಡಗಡೆ, ಅಂದರೆ −12ರಲ್ಲಿ ಇದ್ದರೆ ಆವರಣದೊಳಗೆ (ಎಕ್ಸ್ + 12) ಬರುತ್ತದೆ. ಚಿಹ್ನೆ ತಿರುಗುತ್ತದೆ, ಮರೆಯಬೇಡಿ.

ನಮ್ಮ ಸಮೀಕರಣ:

ವೈ = −(1/24)(ಎಕ್ಸ್ − 12)² + 9

ಬಿಡಿಸಿ ಬರೆದರೆ ವೈ = −ಎಕ್ಸ್²/24 + ಎಕ್ಸ್ + 3. ಕೊನೆಯ 3 ನೋಡಿದಿರಾ? ನಾವು ಅಳೆದ ಬಾಯಿಯ ಎತ್ತರವೇ. ಅದು ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ನೀರು ಎಲ್ಲಿ ಬೀಳುತ್ತದೆ? ವೈಗೆ 0 ಹಾಕಿದರೆ (ಎಕ್ಸ್ − 12)² = 216. 216ರ ವರ್ಗಮೂಲ ಸುಮಾರು 14.7, ಅದಕ್ಕೆ 12 ಕೂಡಿಸಿದರೆ ಕೋಲಿನಿಂದ ಸುಮಾರು 26.7 ಅಡಿ. ತೋಟದಲ್ಲಿ ಅಳೆದರೆ ಸ್ವಲ್ಪ ಕಡಿಮೆಯೇ ಬರುತ್ತದೆ. ಹನಿ ಒಡೆದ ಮೇಲೆ ಗಾಳಿ ಅದನ್ನು ತಡೆಯುತ್ತದೆ, ಅದಕ್ಕೆ ಈ ಸಮೀಕರಣದಲ್ಲಿ ಜಾಗವಿಲ್ಲ.

ಒಂದು ಕಡೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಸ್ಪ್ರಿಂಕ್ಲರ್ ಬಾಯಿಯನ್ನು ನೇರ ಅಡ್ಡಕ್ಕೆ ತಿರುಗಿಸಿ. ನೀರು ಮೇಲೇರುವುದೇ ಇಲ್ಲ, ಹೊರಟ ಜಾಗವೇ ಶೃಂಗ. ಎರಡು ಬಿಂದು ಅಳೆದೆವು ಅಂದುಕೊಂಡರೂ ಕೈಯಲ್ಲಿರುವುದು ಒಂದೇ. 3 = ಎ × 0 + 3 ಎಂದಷ್ಟೇ ಬರುತ್ತದೆ, ಎ ಸಿಗುವುದಿಲ್ಲ. ಪಂಪು ಜೋರಾಗಿದ್ದರೆ ನೀರು ದೂರ, ಕರೆಂಟು ಕಡಿಮೆಯಾದರೆ ಕೋಲಿನ ಬುಡದಲ್ಲೇ. ಶೃಂಗ ಮಾತ್ರ ಎರಡಕ್ಕೂ ಅದೇ. ಆಗ ನೀರು ನೆಲ ಮುಟ್ಟುವ ಜಾಗಕ್ಕೆ ಟೇಪು ಹಿಡಿದು ಹೋಗಲೇಬೇಕು.