ಕಾರು ಮಾರಿ ಕ್ಯಾಶಿಯರ್ಸ್ ಚೆಕ್ ಪಡೆದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಾವು ಬಳಸುತ್ತಿದ್ದ ಟೊಯೋಟಾ ಸಿಯೆನ್ನಾ ಗಾಡಿಯನ್ನು ಡೀಲರಿಗೆ ಕೊಡದೆ ನೇರವಾಗಿ ಮಾರಲು ನಿರ್ಧರಿಸಿದಾಗ, ಬೆಲೆಗಿಂತ ಹೆಚ್ಚಾಗಿ ನಾನು ಯೋಚಿಸಿದ್ದು ಹಣವನ್ನು ಯಾವ ರೂಪದಲ್ಲಿ ಪಡೆಯಬೇಕು ಎಂಬುದನ್ನು. ನಾವು ಕೇಳುತ್ತಿದ್ದುದು 14,500 ಡಾಲರ್. ಅಷ್ಟು ನಗದನ್ನು ಒಪ್ಪಿಕೊಳ್ಳಬಹುದು. 10,000 ಡಾಲರ್ ಮೀರಿದ ನಗದು ಜಮೆಯನ್ನು ಬ್ಯಾಂಕು ಸರ್ಕಾರಕ್ಕೆ ವರದಿ ಮಾಡುತ್ತದೆಯಾದರೂ ಪ್ರಾಮಾಣಿಕರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಅಪರಿಚಿತರ ಎದುರು ನೋಟು ಎಣಿಸುತ್ತ, ಒಂದೊಂದೂ ಅಸಲಿಯೇ ಎಂದು ನೋಡುತ್ತ ನಿಲ್ಲುವುದು ನನಗೆ ಬೇಕಿರಲಿಲ್ಲ. ಫೋನಿನಿಂದಲೇ ಖಾತೆಯಿಂದ ಖಾತೆಗೆ ಹಣ ಕಳಿಸುವ ಝೆಲ್ ಸೇವೆಯ ಮೂಲಕ ಕಳಿಸಬಹುದಾದ ಮೊತ್ತಕ್ಕೆ ದಿನದ ಮಿತಿಯಿರುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ಹಣ ಕಳಿಸುವ ವೈರ್ ವರ್ಗಾವಣೆ ಮಾರುವವನಿಗೆ ಅತ್ಯುತ್ತಮ. ಹೋದ ಹಣ ಹಿಂದಿರುಗುವುದಿಲ್ಲವೆಂಬ ಕಾರಣಕ್ಕೇ ಕೊಳ್ಳುವವರು ಹಿಂಜರಿಯುತ್ತಾರೆ. ಕೊನೆಗೆ ಉಳಿಯುವುದು ಕ್ಯಾಶಿಯರ್ಸ್ ಚೆಕ್.

“ರೀ, ಅದು ನಮ್ಮೂರಿನ ಡಿಡಿ ಇದ್ದ ಹಾಗೆ ತಾನೆ, ತಗೊಂಡ್ರೆ ಏನಾಗುತ್ತೆ?” ಎಂದು ನನ್ನ ಹೆಂಡತಿ ಕೇಳಿದಳು. ಒಂದು ಮಟ್ಟಿಗೆ ಅವಳ ಮಾತು ಸರಿ. ಸಾಮಾನ್ಯ ಚೆಕ್ಕನ್ನು ಬರೆದವನ ಖಾತೆಯಿಂದ ಪಾವತಿಸಲಾಗುತ್ತದೆ. ಕ್ಯಾಶಿಯರ್ಸ್ ಚೆಕ್ಕಿನಲ್ಲಿ ಬ್ಯಾಂಕು ಗ್ರಾಹಕನಿಂದ ಹಣವನ್ನು ಮೊದಲೇ ಪಡೆದು, ತನ್ನದೇ ಹೊಣೆಯ ಮೇಲೆ ಚೆಕ್ ಬರೆದುಕೊಡುತ್ತದೆ. ಆದ್ದರಿಂದ ಅಸಲಿ ಚೆಕ್ಕು ಖಾತೆಯಲ್ಲಿ ಹಣವಿಲ್ಲವೆಂದು ಹಿಂದಿರುಗುವ ಪ್ರಶ್ನೆ ಏಳುವುದಿಲ್ಲ. ಅಪಾಯವಿರುವುದು ಕೈಗೆ ಬಂದ ಕಾಗದ ನಿಜವಾಗಿಯೂ ಆ ಬ್ಯಾಂಕಿನಿಂದ ಹೊರಟದ್ದೇ ಎಂಬಲ್ಲಿ.

ಇಲ್ಲಿ ಅಮೆರಿಕದ ಕಾನೂನಿನ ಒಂದು ವೈಶಿಷ್ಟ್ಯವನ್ನು ಅರಿತಿರಬೇಕು. ಗ್ರಾಹಕರ ಹಣವನ್ನು ಬ್ಯಾಂಕುಗಳು ವಿನಾಕಾರಣ ತಡೆಹಿಡಿಯಬಾರದೆಂದು 1987ರಲ್ಲಿ ಬಂದ ಕಾಯ್ದೆ ಮತ್ತು ಅದರಡಿಯ ‘ರೆಗ್ಯುಲೇಷನ್ ಸಿಸಿ’ ನಿಯಮಗಳ ಪ್ರಕಾರ, ನಮ್ಮ ಹೆಸರಿನ ಕ್ಯಾಶಿಯರ್ಸ್ ಚೆಕ್ಕನ್ನು ಕೌಂಟರಿನಲ್ಲಿ ಖುದ್ದಾಗಿ ಜಮೆ ಮಾಡಿದರೆ ಸಾಮಾನ್ಯವಾಗಿ ಮರುದಿನದ ವಹಿವಾಟಿನ ವೇಳೆಗೇ ಹಣ ಬಳಕೆಗೆ ಸಿಗಬೇಕು. ದೊಡ್ಡ ಮೊತ್ತವಾದರೆ ಒಂದು ಮಿತಿಯನ್ನು, ಅಂದರೆ 2025ರ ಜುಲೈಯಿಂದ 6,725 ಡಾಲರನ್ನು, ಮೀರಿದ ಭಾಗವನ್ನು ಇನ್ನಷ್ಟು ದಿನ ತಡೆಹಿಡಿಯಲು ಬ್ಯಾಂಕಿಗೆ ಅವಕಾಶವಿದೆ. ಹೀಗೆ ಬಳಕೆಗೆ ಸಿಕ್ಕ ಹಣ ಚೆಕ್ ಬರೆದ ಬ್ಯಾಂಕಿನಿಂದ ವಸೂಲಾಗಿ ಬಂದ ಹಣವೇ ಆಗಿರಬೇಕೆಂದಿಲ್ಲ. ನಮ್ಮ ಬ್ಯಾಂಕು ನಂಬಿಕೆಯ ಮೇಲೆ ಮುಂಗಡವಾಗಿ ತೋರಿಸಿದ ಅಂಕಿಯೂ ಆಗಿರಬಹುದು. ಚೆಕ್ಕು ನಕಲಿಯೆಂದು ಗೊತ್ತಾಗಲು ವಾರಗಳೇ ಹಿಡಿಯಬಹುದು, ಆಗ ಬ್ಯಾಂಕು ಪೂರ್ತಿ ಮೊತ್ತವನ್ನು ನಮ್ಮ ಖಾತೆಯಿಂದಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಗಾಡಿ ಯಾವ ರಾಜ್ಯದಲ್ಲಿರುತ್ತದೋ! ಊರಿನಲ್ಲಿ ಡಿಡಿ ಕ್ಲಿಯರಾದ ಮೇಲೆ ಹಣ ಕಾಣುವುದನ್ನು ರೂಢಿಸಿಕೊಂಡ ನಮ್ಮವರಿಗೆ ಈ ವ್ಯತ್ಯಾಸ ಸುಲಭವಾಗಿ ತಲೆಗೆ ಹೋಗುವುದಿಲ್ಲ.

ಜಾಹೀರಾತು ಹಾಕಿದ ಕೂಡಲೇ, ಗಾಡಿಯನ್ನು ನೋಡದೆಯೇ ಕೇಳಿದ ಬೆಲೆಗೆ ಕೊಳ್ಳುತ್ತೇನೆಂದು ಒಬ್ಬಾತ ಸಂದೇಶ ಕಳಿಸಿದ. ಸಾಗಣೆಯವರಿಗೆ ಕೊಡಬೇಕಾದ ಹಣವನ್ನೂ ಸೇರಿಸಿ ಹೆಚ್ಚಿನ ಮೊತ್ತದ ಕ್ಯಾಶಿಯರ್ಸ್ ಚೆಕ್ ಕಳಿಸುವುದಾಗಿಯೂ, ಹೆಚ್ಚುವರಿಯನ್ನು ನಾನು ಸಾಗಣೆದಾರನಿಗೆ ವರ್ಗಾಯಿಸಬೇಕೆಂದೂ ಅವನ ಪ್ರಸ್ತಾಪ. ಇದು ಇಲ್ಲಿ ಹಳಸಿದ ತಂತ್ರ. ನಕಲಿ ಚೆಕ್ಕಿನಲ್ಲಿ ಬಂದದ್ದು ಬರೀ ಅಂಕಿ, ನಾವು ಕಳಿಸುವುದು ಮಾತ್ರ ಅಸಲಿ ದುಡ್ಡು. ನಾನು ಉತ್ತರಿಸಲಿಲ್ಲ.

ಕೊನೆಗೆ ಒಪ್ಪಿದವರು ಮಕ್ಕಳೊಂದಿಗೆ ಬಂದು ಗಾಡಿ ಓಡಿಸಿ ನೋಡಿದ ಸ್ಯಾನ್ ಹೋಸೆಯ ದಂಪತಿ. ಭಾನುವಾರ ಚೆಕ್ ತಂದುಕೊಡುತ್ತೇವೆಂದರು. ಅವರ ಮೇಲೆ ನನಗೆ ಸಂಶಯವಿರಲಿಲ್ಲ, ಆದರೂ ಬ್ಯಾಂಕು ಮುಚ್ಚಿರುವ ದಿನ ಚೆಕ್ ಪಡೆದರೆ ವಿಚಾರಿಸುವುದಕ್ಕೆ ದಾರಿಯೇ ಇರುವುದಿಲ್ಲ. ವಾರದ ದಿನ ಬೆಳಿಗ್ಗೆ ಅವರ ಬ್ಯಾಂಕಿನ ಶಾಖೆಯಲ್ಲೇ ಭೇಟಿಯಾಗೋಣ, ಚೆಕ್ ನನ್ನ ಕಣ್ಣೆದುರು ತಯಾರಾಗಲಿ ಎಂದು ಕೇಳಿಕೊಂಡೆ. ಬೇಸರ ಮಾಡಿಕೊಳ್ಳಬಹುದೆಂದು ಅಳುಕಿತ್ತು. ಅವರು ತಕ್ಷಣ ಒಪ್ಪಿದರು. ನನ್ನ ಅನಿಸಿಕೆಯಲ್ಲಿ ಈ ಒಂದು ಕೋರಿಕೆ ಉಳಿದೆಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಮೋಸಗಾರ ಬ್ಯಾಂಕಿನ ಬಾಗಿಲಿಗೆ ಬರುವುದಿಲ್ಲ.

ಕೌಂಟರಿನಲ್ಲಿದ್ದ ಯುವತಿ ಕೊಳ್ಳುವವರ ಗುರುತಿನ ಚೀಟಿ ನೋಡಿ, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡಳು. ಖಾತೆಯಲ್ಲಿರುವಂತೆಯೇ ಹೇಳಿದೆ, ನಮ್ಮ ಇನಿಷಿಯಲ್‌ಗಳ ಗೊಂದಲ ಅಲ್ಲಿ ಬೇಡ. ಪ್ರಿಂಟರಿನಿಂದ ಹೊರಬಂದ ಚೆಕ್ಕನ್ನು ಅವಳು ಅವರಿಗೆ ಕೊಟ್ಟಳು, ಅವರು ನನಗೆ ದಾಟಿಸಿದರು. ಹಣ ತುಂಬಿದವರ ಹೆಸರು, ಮೊತ್ತ, ದಿನಾಂಕಗಳನ್ನು ಓದಿಕೊಂಡೆ. ವಾಟರ್‌ಮಾರ್ಕನ್ನೂ ನೋಡಿದೆ, ಆದರೆ ಕಾಗದ ದಪ್ಪಗಿದೆ, ಗುರುತು ಹೊಳೆಯುತ್ತದೆ ಎಂಬುದನ್ನೇ ನೆಚ್ಚಿಕೊಳ್ಳುವುದು ವ್ಯರ್ಥ. ಒಳ್ಳೆಯ ನಕಲುಗಳು ಬ್ಯಾಂಕಿನವರನ್ನೇ ಏಮಾರಿಸುತ್ತವೆ.

ಹೀಗೆ ಭೇಟಿಯಾಗುವುದು ಸಾಧ್ಯವಾಗದಿದ್ದರೆ ಚೆಕ್ ಬರೆದ ಬ್ಯಾಂಕಿಗೆ ಕರೆ ಮಾಡಿ ಅದರ ಸಂಖ್ಯೆ, ಮೊತ್ತ, ದಿನಾಂಕ, ಪಡೆಯುವವನ ಹೆಸರು ನಾಲ್ಕನ್ನೂ ತಾಳೆ ನೋಡಬೇಕೆಂದುಕೊಂಡಿದ್ದೆ. ಅಸಲಿ ಚೆಕ್ಕಿನ ಮೊತ್ತವನ್ನು ತಿದ್ದಿರುವುದೂ ಉಂಟು, ಹಾಗಾಗಿ ಸಂಖ್ಯೆಯೊಂದನ್ನೇ ಕೇಳಿದರೆ ಸಾಲದು. ಚೆಕ್ಕಿನ ಮೇಲೆ ಅಚ್ಚಾದ ದೂರವಾಣಿಗೆ ಕರೆ ಮಾಡಲೇಬಾರದು, ಅದನ್ನು ಎತ್ತುವವನು ಮೋಸಗಾರನ ಜೊತೆಗಾರನೇ ಇರಬಹುದು. ಬ್ಯಾಂಕ್ ಠೇವಣಿಗಳಿಗೆ ವಿಮೆ ನೀಡುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಐಸಿಯ ಬ್ಯಾಂಕ್‌ಫೈಂಡ್ ಪಟ್ಟಿಯಲ್ಲಿ ಬ್ಯಾಂಕನ್ನು ಹುಡುಕಿ, ಅದರ ಅಧಿಕೃತ ಜಾಲತಾಣದಿಂದ ಸಂಖ್ಯೆ ಪಡೆಯುವುದು ಸುರಕ್ಷಿತ.

ಪಿಂಕ್ ಸ್ಲಿಪ್ ಎಂದು ಕರೆಯುವ ಟೈಟಲ್‌ಗೆ, ಅಂದರೆ ಗಾಡಿಯ ಮಾಲೀಕತ್ವದ ಪತ್ರಕ್ಕೆ, ನಾನು ಸಹಿ ಹಾಕಿದ್ದು ಚೆಕ್ ಕೈಗೆ ಬಂದ ನಂತರ, ಅದೇ ಶಾಖೆಯ ಮೇಜಿನ ಮೇಲೆ. ಗಾಡಿಯ ಹೊಗೆ ಮಿತಿಯೊಳಗಿದೆ ಎಂದು ತೋರಿಸುವ ಸ್ಮಾಗ್ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟಿದ್ದೆ, ಇಲ್ಲಿ ಅದು ಮಾರುವವನ ಹೊಣೆ. ಅಲ್ಲಿಂದ ನೇರವಾಗಿ ನನ್ನ ಬ್ಯಾಂಕಿಗೆ ಹೋಗಿ ಚೆಕ್ಕನ್ನು ಜಮೆ ಮಾಡಿ, ಗಾಡಿ ಕೈಬದಲಾಯಿಸಿದ ಬಗ್ಗೆ ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ 5 ದಿನಗಳೊಳಗೆ ಕೊಡಬೇಕಾದ ಸೂಚನೆಯನ್ನು ಅಂದು ಸಂಜೆಯೇ ಆನ್‌ಲೈನ್‌ನಲ್ಲಿ ಸಲ್ಲಿಸಿದೆ. ಹಣದ ಒಂದು ಭಾಗ ಮರುದಿನ ಖಾತೆಯಲ್ಲಿ ಕಾಣಿಸಿತು. ಉಳಿದದ್ದನ್ನು ಬ್ಯಾಂಕು ಕೆಲವು ದಿನ ತಡೆದು ಬಿಡುಗಡೆ ಮಾಡಿತು.