ವೆಬ್‌ಸೈಟ್ ಫೈಲ್ ಅಪ್‌ಲೋಡ್ ಮಾಡೋದು, ಅಪ್‌ಡೇಟ್ ಮಾಡೋದು ನೀವೇ ಕಲೀರಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಈಗ ಹೋಂಸ್ಟೇ ಇಟ್ಟವರು, ಕಾಫಿಪುಡಿ ಮಾರೋರು, ಜೇನು, ಮೆಣಸು ಮಾರೋರು ಸುಮಾರು ಜನ ಒಂದು ವೆಬ್‌ಸೈಟ್ ಮಾಡಿಸಿರ್ತಾರೆ. ಮಾಡಿಕೊಟ್ಟ ಹುಡುಗ ಆಮೇಲೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋಗಿರ್ತಾನೆ, ಫೋನ್ ಮಾಡಿದ್ರೆ ಭಾನುವಾರ ನೋಡ್ತೀನಿ ಅಂಕಲ್ ಅಂತಾನೆ, ಆ ಭಾನುವಾರ ಬರೋದೇ ಇಲ್ಲ. ಸೈಟಲ್ಲಿ ಮಾತ್ರ ಹಳೇ ರೂಮ್ ರೇಟು, ಹಳೇ ಫೋನ್ ನಂಬರ್ರು ಹಂಗೇ ಇರುತ್ತೆ. ಮಳೆಗಾಲದಲ್ಲಿ ಚಾರ್ಮಾಡಿಲೋ ಶಿರಾಡಿಲೋ ಗುಡ್ಡ ಜರಿದು ರಸ್ತೆ ಬಂದ್ ಆಗಿದ್ರೂ ಸೈಟಲ್ಲಿ ಮಂಗಳೂರಿಂದ ಈ ದಾರೀಲಿ ಬನ್ನಿ ಅಂತಾನೇ ಬರೆದಿರುತ್ತೆ. ಅದನ್ನ ನಂಬ್ಕೊಂಡು ಮಕ್ಕಳು ಮರಿ ಕಟ್ಕೊಂಡು ಬರೋರ ಗತಿ ಯೋಚ್ನೆ ಮಾಡಿ. ಒಂದು ಸಾಲು ಬದಲಾಯಿಸೋಕೆ ಇನ್ನೊಬ್ಬರ ಮುಂದೆ ಕಾಯ್ಬೇಕಾಗಿಲ್ಲ, ಒಂದ್ಸಲ ಕಲಿತ್ರೆ ಅರ್ಧ ಗಂಟೆ ಕೆಲಸ.

ಇಲ್ಲಿ ಹೇಳ್ತಿರೋದು ಮಾಮೂಲಿ ಎಚ್‌ಟಿಎಂಎಲ್ ಫೈಲ್‌ಗಳಿಂದ, ಅಂದ್ರೆ ವೆಬ್ ಪುಟ ಬರೆಯೋ ಕೋಡಿರೋ ಫೈಲ್‌ಗಳಿಂದ ಮಾಡಿರೋ ಸಣ್ಣ ಸೈಟುಗಳಿಗೆ. ವರ್ಡ್‌ಪ್ರೆಸ್ ಅನ್ನೋ ಸೈಟ್ ಮಾಡೋ ಸಾಫ್ಟ್‌ವೇರಲ್ಲಿ ಮಾಡಿದ್ರೆ ಬ್ರೌಸರಲ್ಲೇ ಲಾಗಿನ್ ಆಗಿ ಬದಲಾಯಿಸಬಹುದು, ಆ ದಾರಿ ಬೇರೆ.

ಮೊದಲು ಕೀಲಿ ನಿಮ್ಮ ಕೈಲಿರ್ಲಿ

ಸೈಟ್ ಅಂದ್ರೆ ಏನೂ ಇಲ್ಲ ಕಣ್ರೀ, ಒಂದಷ್ಟು ಫೈಲು, ಒಂದಷ್ಟು ಫೋಟೋ, ಯಾವಾಗಲೂ ಆನ್ ಇರೋ ಒಂದು ಕಂಪ್ಯೂಟರಲ್ಲಿ ಅಂದ್ರೆ ಸರ್ವರಲ್ಲಿ ಕೂತಿರುತ್ತೆ ಅಷ್ಟೇ. ಆ ಜಾಗ ಬಾಡಿಗೆಗೆ ಕೊಡೋದೇ ಹೋಸ್ಟಿಂಗ್ ಕಂಪನಿ. ನೀವು ದುಡ್ಡು ಕಟ್ಟಿದ ದಿನ ಅವರಿಂದ ಒಂದು ಮೇಲ್ ಬಂದಿರುತ್ತೆ, ಅದರಲ್ಲಿ ಹೋಸ್ಟ್ ಅನ್ನೋ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತೆ. ಆ ಮೇಲ್ ಸೈಟ್ ಮಾಡಿದವರ ಹತ್ರ ಇದ್ರೆ ಇವತ್ತೇ ಕೇಳಿ ತಗೊಳ್ಳಿ. ಡೊಮೇನ್ ಅಂದ್ರೆ ನಿಮ್ಮ ಸೈಟಿನ ಹೆಸರು, ಅದು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ, ರಿನೀವಲ್ ಮೇಲ್ ಯಾರ ಇಮೇಲ್‌ಗೆ ಹೋಗುತ್ತೆ ಅಂತಾನೂ ಕೇಳಿ. ತೋಟದ ಪಹಣಿ ಬೇರೆಯವರ ಹೆಸರಲ್ಲಿದ್ರೆ ಸುಮ್ನಿರ್ತೀರಾ, ಇದೂ ಹಂಗೇ. ಇದಕ್ಕೆ ಸಂಕೋಚ ಪಟ್ಕೋಬೇಡಿ, ಕೆಲಸ ಮಾಡಿಕೊಟ್ಟವರು ಕೊಡಲೇಬೇಕಾದ ಮಾಹಿತಿ ಅದು.

ಕನೆಕ್ಟ್ ಆಗೋದು

ಫೈಲ್ ಕಳಿಸೋಕೆ ಫೈಲ್‌ಝಿಲ್ಲಾ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. 2001ರಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತೆ. ಅವರದೇ ಸೈಟಿಂದ ಇಳಿಸ್ಕೊಳ್ಳಿ, ಕ್ಲೈಂಟ್ ಅಂತಿರೋದನ್ನ ಆರಿಸಿ, ಸರ್ವರ್ ಅಂತಿರೋದು ನಮಗೆ ಬೇಡ. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಇನ್ನೇನೋ ಹಾಕ್ಲಾ ಅಂತ ಕೇಳಿದ್ರೆ ಬೇಡ ಅಂತ ಒತ್ತಿ. ಹಿಂಗೆ ಫೈಲ್ ಕಳಿಸೋ ಹಳೇ ಪದ್ಧತಿಗೆ ಎಫ್‌ಟಿಪಿ ಅಂತಾರೆ. ಮೊದಲೆಲ್ಲ ಬ್ರೌಸರಲ್ಲೇ ಎಫ್‌ಟಿಪಿ ವಿಳಾಸ ತೆಗೀಬಹುದಿತ್ತು, ಆದ್ರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನ ತೆಗೆದುಹಾಕಿದ್ವು, ಹಂಗಾಗಿ ಹಳೇ ವಿಡಿಯೋ ನೋಡಿ ಟ್ರೈ ಮಾಡಿದ್ರೆ ಈಗ ಆಗಲ್ಲ.

ಈ ಎಫ್‌ಟಿಪಿ ಅನ್ನೋ ಪದ್ಧತಿ ನಮ್ಮ ದೇಶದವರ ಕೈಯಿಂದ ಬಂದಿದ್ದು ಅಂತ ಎಷ್ಟು ಜನಕ್ಕೆ ಗೊತ್ತೋ. ಕಾನ್ಪುರ ಐಐಟಿಯ ಮೊದಲ ಬ್ಯಾಚಲ್ಲಿ ಓದಿದ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ 1971ರಲ್ಲಿ ಇದರ ಮೊದಲ ರೂಪ ಬರೆದ್ರು, ಅಂದ್ರೆ ವೆಬ್‌ಸೈಟ್ ಅನ್ನೋದು ಹುಟ್ಟೋಕೆ ಎಷ್ಟೋ ವರ್ಷ ಮೊದಲು. ಅಷ್ಟು ಹಳೇದಾಗಿರೋದ್ರಿಂದ್ಲೇ ಒಂದು ತೊಂದರೆನೂ ಇದೆ. ಬರೀ ಎಫ್‌ಟಿಪಿಲಿ ನಿಮ್ಮ ಪಾಸ್‌ವರ್ಡ್ ಏನೂ ಮುಚ್ಚುಮರೆ ಇಲ್ಲದೆ ಹೋಗುತ್ತೆ, ಬಸ್‌ಸ್ಟಾಂಡ್ ವೈಫೈಯಲ್ಲೋ ಲಾಡ್ಜ್ ವೈಫೈಯಲ್ಲೋ ಕೂತು ಮಾಡಿದ್ರೆ ನಡುವೆ ಯಾರಾದ್ರೂ ಓದ್ಕೋಬಹುದು. ಅದಕ್ಕೆ ಎಲ್ಲಾ ಗುಟ್ಟಾಗಿ ಕಳಿಸೋ ಎಸ್‌ಎಫ್‌ಟಿಪಿ ಬಳಸಿ, ಪೋರ್ಟ್ ನಂಬರ್ ಸಾಮಾನ್ಯವಾಗಿ 22. ನಿಮ್ಮ ಹೋಸ್ಟಿಂಗಲ್ಲಿ ಅದಿಲ್ಲ ಅಂದ್ರೆ ಫೈಲ್‌ಝಿಲ್ಲಾದ ಸೈಟ್ ಮ್ಯಾನೇಜರಲ್ಲಿ ಎನ್‌ಕ್ರಿಪ್ಷನ್ ಅಂತಿರೋ ಕಡೆ ಟಿಎಲ್‌ಎಸ್ (ಎಫ್‌ಟಿಪಿಗೆ ಗುಟ್ಟಿನ ಮುಸುಕು ಹಾಕೋ ಪದ್ಧತಿ) ಬೇಕೇ ಬೇಕು ಅನ್ನೋ ಆಯ್ಕೆ ಇಟ್ಕೊಳ್ಳಿ, ಅದಕ್ಕೆ ಪೋರ್ಟ್ 21.

ಹೋಸ್ಟಿಂಗ್ ಮೇಲಲ್ಲಿ ಬಂದಿದ್ದ ಹೋಸ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಒತ್ತಿ. ಕನೆಕ್ಟ್ ಆದಮೇಲೆ ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್ ಕಾಣುತ್ತೆ. ಬಲಗಡೆ ಸುಮಾರು ಫೋಲ್ಡರ್ ಇರುತ್ತೆ, ಗಾಬರಿ ಆಗ್ಬೇಡಿ, ಹೆಚ್ಚಿನ ಹೋಸ್ಟಿಂಗಲ್ಲಿ ಪಬ್ಲಿಕ್ ಎಚ್‌ಟಿಎಂಎಲ್ ಅನ್ನೋ ಫೋಲ್ಡರ್ ಒಳಗಿರೋದು ಮಾತ್ರ ಜನಕ್ಕೆ ಕಾಣೋ ಸೈಟು. ಉಳಿದಿದ್ದು ಮೇಲ್, ಲಾಗ್ ಅಂತ ಇರುತ್ತೆ, ಮುಟ್ಟೋಕೆ ಹೋಗ್ಬೇಡಿ. ಆ ಫೋಲ್ಡರ್ ಒಳಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಇರೋದೇ ನಿಮ್ಮ ಮುಖಪುಟ, ಯಾರಾದ್ರೂ ಸೈಟ್ ಹೆಸರು ಒತ್ತಿದ್ರೆ ಸರ್ವರ್ ಮೊದಲು ಹುಡುಕೋದು ಅದನ್ನೇ.

ಬದಲಾಯಿಸೋಕೆ ಮುಂಚೆ ಪೂರ್ತಿ ಇಳಿಸ್ಕೊಳ್ಳಿ

ಇದೊಂದನ್ನ ಯಾರೂ ಬಿಡಬಾರದು. ಬಲಗಡೆ ಇರೋ ಎಲ್ಲಾ ಫೈಲ್ ಸೆಲೆಕ್ಟ್ ಮಾಡಿ ಎಡಗಡೆ ಒಂದು ಫೋಲ್ಡರಿಗೆ ಎಳೀರಿ, ಆ ಫೋಲ್ಡರಿಗೆ ಇವತ್ತಿನ ತಾರೀಖು ಹೆಸರಿಡಿ. ಆಮೇಲೆ ಅದನ್ನ ಕಾಪಿ ಮಾಡಿ ಇನ್ನೊಂದು ಫೋಲ್ಡರ್ ಮಾಡ್ಕೊಳ್ಳಿ, ಕೆಲಸ ಎಲ್ಲ ಎರಡನೇದ್ರಲ್ಲಿ. ತಾರೀಖು ಹಾಕಿದ್ದನ್ನ ಮುಟ್ಟಲೇಬಾರದು. ಯಾಕಂದ್ರೆ ಎಫ್‌ಟಿಪಿಲಿ ಸರ್ವರ್ ಮೇಲಿರೋ ಫೈಲ್ ಡಿಲೀಟ್ ಆದ್ರೆ ರೀಸೈಕಲ್ ಬಿನ್ ಇಲ್ಲ, ಹೋದ್ರೆ ಹೋಯ್ತು. ಏನೇ ಕೆಟ್ಟರೂ ತಾರೀಖಿನ ಫೋಲ್ಡರಿಂದ ವಾಪಸ್ ಹಾಕಿದ್ರೆ ಸೈಟ್ ಮೊದಲಿನಂಗೆ ಆಗುತ್ತೆ, ಈ ಒಂದು ಧೈರ್ಯ ಇದ್ರೆ ಅರ್ವತ್ತು ವರ್ಷದವರೂ ನಿಶ್ಚಿಂತೆಯಿಂದ ಕಲೀತಾರೆ.

ಕನ್ನಡ ಅಕ್ಷರ ಕೆಡೋದು ಯಾಕೆ

ಪುಟ ಬದಲಾಯಿಸೋಕೆ ನೋಟ್‌ಪ್ಯಾಡ್ ಸಾಕು. ಎಂಎಸ್ ವರ್ಡಲ್ಲಿ ಮಾತ್ರ ತೆಗೆದು ಸೇವ್ ಮಾಡ್ಬೇಡಿ, ಅದು ತನ್ನ ಕೋಡೆಲ್ಲ ತುಂಬಿಸುತ್ತೆ.

ನಮ್ಮ ಕಡೆ ಆಗೋ ದೊಡ್ಡ ತೊಂದರೆ ಕನ್ನಡದ್ದು. ನುಡಿ ಅಥವಾ ಬರಹ ಸಾಫ್ಟ್‌ವೇರಲ್ಲಿ ಹಳೇ ಪದ್ಧತಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಂಗೇ ಕಾಪಿ ಮಾಡಿ ಪುಟಕ್ಕೆ ಹಾಕಿದ್ರೆ ಟೈಪ್ ಮಾಡಿದವರ ಕಂಪ್ಯೂಟರಲ್ಲಿ ಚೆನ್ನಾಗಿ ಕಾಣ್ಬಹುದು, ಗಿರಾಕಿ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಎಲ್ಲ ಕಲಸಿದಂಗೆ ಕಾಣುತ್ತೆ. ಅದಕ್ಕೆ ಕಾರಣ, ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರ್ತವೆ, ಆ ಫಾಂಟ್ ಇಲ್ಲದ ಕಡೆ ಒಳಗಿರೋ ಇಂಗ್ಲಿಷ್ ಹೊರಗೆ ಬರುತ್ತೆ. ಯೂನಿಕೋಡ್ ಅನ್ನೋ ಎಲ್ಲಾ ಭಾಷೆಗೂ ಇರೋ ಅಕ್ಷರ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಅದಕ್ಕೇ ಎಲ್ಲಾ ಫೋನಲ್ಲೂ ಬರುತ್ತೆ. ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಹಳೇ ಬರಹ ಪರಿವರ್ತನೆ ಮಾಡೋ ಸಾಧನಗಳೂ ಇವೆ. ಇನ್ನೂ ಸುಲಭ ಅಂದ್ರೆ ಮೊಬೈಲ್ ಕೀಬೋರ್ಡಲ್ಲಿ ಕನ್ನಡ ಟೈಪ್ ಮಾಡಿ ನಿಮಗೇ ಮೇಲ್ ಮಾಡ್ಕೊಳ್ಳಿ, ಅದು ಯೂನಿಕೋಡೇ ಆಗಿರುತ್ತೆ.

ನೋಟ್‌ಪ್ಯಾಡಲ್ಲಿ ಸೇವ್ ಆ್ಯಸ್ ಒತ್ತಿದಾಗ ಕೆಳಗೆ ಎನ್‌ಕೋಡಿಂಗ್ ಅಂತ ಕಾಣುತ್ತೆ, ಅಲ್ಲಿ ಯುಟಿಎಫ್-8 ಅಂದ್ರೆ ಯೂನಿಕೋಡ್ ಸೇವ್ ಮಾಡೋ ರೂಪ ಇರ್ಬೇಕು. ಪುಟದ ಮೇಲ್ಭಾಗದ ಹೆಡ್ ಅನ್ನೋ ಜಾಗದಲ್ಲಿ ಮೆಟಾ ಚಾರ್‌ಸೆಟ್ ಅನ್ನೋ ಸಾಲಲ್ಲೂ ಅದೇ ಇರ್ಬೇಕು. ಎರಡೂ ಹೊಂದ್ಕೊಂಡ್ರೆ ಅಕ್ಕಿರೊಟ್ಟಿ, ಕಡುಬು ಅಂತ ಬರೆದಿದ್ದು ಅಕ್ಕಿರೊಟ್ಟಿ, ಕಡುಬು ಅಂತಾನೇ ಕಾಣುತ್ತೆ. ನಮ್ಮೂರ ಸೈಟಲ್ಲಿ ಕನ್ನಡ ಇರ್ಲಿ ಅನ್ನೋದು ನನ್ನ ಆಸೆ, ಅಕ್ಷರ ಕೆಡುತ್ತೆ ಅಂತ ಬರೀ ಇಂಗ್ಲಿಷಲ್ಲೇ ಹಾಕಿ ಸುಮ್ನಾಗೋರನ್ನ ನೋಡಿದ್ರೆ ಬೇಜಾರಾಗುತ್ತೆ.

ಫೈಲ್ ಹೆಸರು ಮಾತ್ರ ಇಂಗ್ಲಿಷಲ್ಲೇ ಇಡಿ, ಎಲ್ಲಾ ಸಣ್ಣ ಅಕ್ಷರ, ನಡುವೆ ಸ್ಪೇಸ್ ಬೇಡ, ಅಡ್ಡಗೆರೆ ಹಾಕಿ. ವಿಂಡೋಸಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಒಂದೇ, ಆದ್ರೆ ಹೆಚ್ಚಿನ ಸರ್ವರ್‌ಗಳು ಲಿನಕ್ಸ್, ಅಲ್ಲಿ ಅವು ಬೇರೆ ಬೇರೆ ಫೈಲು. ಕ್ಯಾಮೆರಾದಿಂದ ಬರೋ ಫೋಟೋಗೆ ಜೆಪಿಜಿ ಅನ್ನೋ ಬಾಲ ಎಷ್ಟೋ ಸಲ ದೊಡ್ಡ ಅಕ್ಷರದಲ್ಲಿರುತ್ತೆ, ಪುಟದೊಳಗೆ ಸಣ್ಣಕ್ಷರದಲ್ಲಿ ಬರೆದಿದ್ರೆ ಮನೇಲಿ ಕಾಣೋ ಫೋಟೋ ಅಪ್‌ಲೋಡ್ ಮಾಡಿದ್ಮೇಲೆ ಕಾಣಲ್ಲ. ಇನ್ನೊಂದು, ಪುಟದೊಳಗೆ ಫೋಟೋ ವಿಳಾಸ ಸಿ ಡ್ರೈವ್ ಅಂತ ಶುರುವಾಗಿದ್ರೆ ಅದು ನಿಮ್ಮ ಕಂಪ್ಯೂಟರಲ್ಲಿ ಮಾತ್ರ ತೆಗೆಯುತ್ತೆ, ಊರಿಗೆಲ್ಲ ಖಾಲಿ ಚೌಕ. ಇಮೇಜಸ್ ಫೋಲ್ಡರ್ ಹೆಸರು, ಓರೆಗೆರೆ, ಫೈಲ್ ಹೆಸರು, ಇಷ್ಟೇ ಇರ್ಬೇಕು.

ಫೋಟೋ ಸಣ್ಣದು ಮಾಡಿ

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತಲ್ಲ, ಆ ಫೋಟೋ ಹಾಕದೆ ಇರೋಕಾಗುತ್ತಾ. ಆದ್ರೆ ಮೊಬೈಲ್ ಫೋಟೋ ಒಂದೊಂದೂ 4-5 ಎಂಬಿ ಇರುತ್ತೆ, ಹಂಗೇ ಹಾಕಿದ್ರೆ ಒಂದು ಪಾಯಿಂಟ್ ನೆಟ್‌ವರ್ಕಲ್ಲಿ ನೋಡೋರಿಗೆ ಪುಟ ಬರೋದೇ ಇಲ್ಲ. ಪೇಂಟಲ್ಲಿ ತೆಗೆದು ರೀಸೈಜ್ ಒತ್ತಿ ಅಗಲ 1600 ಪಿಕ್ಸೆಲ್ ಮಾಡಿ ಜೆಪಿಜಿಯಾಗಿ ಸೇವ್ ಮಾಡಿ, ಎಷ್ಟೋ ಹಗುರ ಆಗುತ್ತೆ, ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಮೊದಲು ಫೋಟೋ, ಕೊನೆಗೆ ಪುಟ

ಅಪ್‌ಲೋಡ್ ಅಂದ್ರೆ ಎಡಗಡೆಯಿಂದ ಬಲಗಡೆಗೆ ಎಳೆಯೋದು. ಇಡೀ ಸೈಟ್ ಮತ್ತೆ ಹಾಕ್ಬೇಕಾಗಿಲ್ಲ, ಬದಲಾಗಿದ್ದು ಮಾತ್ರ. ಆದ್ರೆ ಯಾವುದು ಮೊದಲು ಅನ್ನೋದು ಮುಖ್ಯ. ಹೊಸ ಪುಟ ಮೊದಲು ಹಾಕಿ ಅದರ ಫೋಟೋ ಇನ್ನೂ ಹೋಗ್ತಿರುವಾಗ ಕರೆಂಟ್ ಹೋಯ್ತು ಅಂದ್ಕೊಳ್ಳಿ, ಮಲೆನಾಡಲ್ಲಿ ಜುಲೈ ತಿಂಗಳಲ್ಲಿ ಅದು ದಿನನಿತ್ಯದ ಮಾತು, ಕರೆಂಟ್ ಬರೋವರ್ಗೂ ಬಂದವರಿಗೆಲ್ಲ ಫೋಟೋ ಇಲ್ಲದ ಮುರುಕು ಪುಟ. ಅದೇ ಫೋಟೋ, ಪುಟದ ಬಣ್ಣ ಅಂದ ಚೆಂದ ಹೇಳೋ ಸಿಎಸ್‌ಎಸ್ ಫೈಲ್ ಎಲ್ಲ ಹೋದಮೇಲೆ ಕೊನೆಗೆ ಪುಟ ಹಾಕಿದ್ರೆ ನಡುವೆ ನಿಂತ್ರೂ ಹಳೇ ಪುಟ ಸರಿಯಾಗೇ ಕಾಣ್ತಿರುತ್ತೆ.

ಅದೇ ಹೆಸರಿನ ಫೈಲ್ ಈಗಾಗ್ಲೇ ಇದೆ, ಏನ್ಮಾಡ್ಲಿ ಅಂತ ಫೈಲ್‌ಝಿಲ್ಲಾ ಕೇಳುತ್ತೆ. ಓವರ್‌ರೈಟ್ ಒತ್ತೋ ಮುಂಚೆ ಎರಡರ ಸೈಜು, ತಾರೀಖು ತೋರಿಸ್ತಿರುತ್ತೆ, ಓದಿ ಒತ್ತಿ. ಅರ್ಧಕ್ಕೆ ನಿಂತವು ಕೆಳಗೆ ಫೇಲ್ಡ್ ಅನ್ನೋ ಪಟ್ಟೀಲಿ ಕೂತಿರ್ತವೆ, ರೈಟ್ ಕ್ಲಿಕ್ ಮಾಡಿ ಮತ್ತೆ ಕ್ಯೂಗೆ ಅಂದ್ರೆ ಕಳಿಸೋ ಸಾಲಿಗೆ ಹಾಕಿ. ನೂರಾರು ಸಣ್ಣ ಫೈಲ್ ಹಾಕೋದಿದ್ರೆ ಸಿಪ್ಯಾನೆಲ್ (ಬ್ರೌಸರಲ್ಲೇ ಹೋಸ್ಟಿಂಗ್ ನೋಡ್ಕೊಳ್ಳೋ ಪುಟ) ಇರೋ ಹೋಸ್ಟಿಂಗಲ್ಲಿ ಎಲ್ಲಾ ಸೇರಿಸಿ ಒಂದು ಜಿಪ್ ಮಾಡಿ ಫೈಲ್ ಮ್ಯಾನೇಜರಲ್ಲಿ ಹಾಕಿ ಅಲ್ಲೇ ಎಕ್ಸ್‌ಟ್ರಾಕ್ಟ್ ಒತ್ತಿ, ನಿಧಾನ ನೆಟ್ಟಲ್ಲಿ ಇದೇ ಬೇಗ. ಕೆಲಸ ಆದ್ಮೇಲೆ ಆ ಜಿಪ್ ಅಲ್ಲಿ ಬಿಡ್ಬೇಡಿ, ಹೆಸರು ಊಹೆ ಮಾಡಿ ಯಾರು ಬೇಕಾದ್ರೂ ಇಳಿಸ್ಕೋಬಹುದು.

ಹಾಕಿದ್ರೂ ಹಳೇದೇ ಕಾಣ್ತಿದ್ರೆ

ಎಲ್ಲಾ ಸರಿ ಮಾಡಿರ್ತೀರಿ, ಬ್ರೌಸರಲ್ಲಿ ಹಳೇ ರೇಟೇ ಕಾಣುತ್ತೆ. ಬ್ರೌಸರ್ ಒಂದ್ಸಲ ನೋಡಿದ್ದನ್ನ ಇಟ್ಕೊಂಡಿರುತ್ತೆ, ಅದೇ ಕ್ಯಾಶೆ. ಕಂಟ್ರೋಲ್ ಹಿಡಿದು ಎಫ್5 ಒತ್ತಿ, ಇಲ್ಲಾ ಇನ್‌ಕಾಗ್ನಿಟೋ ಕಿಟಕೀಲಿ ತೆಗೆದು ನೋಡಿ. ಹಾಸನದಲ್ಲಿ ಲಾಡ್ಜ್ ಇಟ್ಟವರಿಗೆ ಇದು ತುಂಬಾ ಮುಖ್ಯ. ಹಾಸನಾಂಬೆ ದೇವಸ್ಥಾನದ ಬಾಗಿಲು ಆಶ್ವಯುಜ ಹುಣ್ಣಿಮೆ ಕಳೆದು ಬರೋ ಗುರುವಾರ ತೆಗೆಯೋದು, ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬೇರೆ, ಹೋದ ವರ್ಷದ್ದೇ ಸೈಟಲ್ಲಿದ್ರೆ ದೂರದಿಂದ ಬಂದ ಭಕ್ತರು ಮುಚ್ಚಿದ ಬಾಗಿಲು ನೋಡಿ ಹೋಗ್ತಾರೆ. ಅದಕ್ಕೆ ಹೊಸ ತಾರೀಖು ಹಾಕಿದ್ಮೇಲೆ ಮನೆ ವೈಫೈ ಬಿಟ್ಟು ಬೇರೆಯವರ ಫೋನಲ್ಲಿ ಮೊಬೈಲ್ ಡೇಟಾದಲ್ಲಿ ತೆಗೆದು ನೋಡಿ.

404 ಅಂತ ಬಂದ್ರೆ ಆ ಹೆಸರಿನ ಫೈಲ್ ಅಲ್ಲಿಲ್ಲ ಅಂತ, ಸ್ಪೆಲಿಂಗ್ ಮತ್ತೆ ದೊಡ್ಡಕ್ಷರ ಸಣ್ಣಕ್ಷರ ನೋಡಿ. 403 ಬಂದ್ರೆ ಓದೋಕೆ ಅನುಮತಿ ಇಲ್ಲ ಅಂತ, ಫೈಲ್‌ಝಿಲ್ಲಾದ ಬಲಗಡೆ ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪರ್ಮಿಷನ್‌ನಲ್ಲಿ ಫೈಲಿಗೆ 644, ಫೋಲ್ಡರಿಗೆ 755 ಹಾಕಿ. ಯಾರಾದ್ರೂ 777 ಹಾಕಿ ಸರಿ ಹೋಗುತ್ತೆ ಅಂದ್ರೆ ಒಪ್ಕೋಬೇಡಿ, ಅದು ಸರ್ವರಲ್ಲಿರೋ ಯಾರು ಬೇಕಾದ್ರೂ ಬರೆಯೋಕೆ ಬಾಗಿಲು ತೆಗೆದಿಟ್ಟಂಗೆ.

ಪಕ್ಕದ ಮನೆ ಹುಡುಗನ ಹತ್ರ ಒಂದಿನ ಸಹಾಯ ತಗೊಂಡ್ರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ನೋಡಿ, ಮೌಸ್ ನಿಮ್ಮ ಕೈಲೇ ಇರ್ಲಿ. ಪಾಸ್‌ವರ್ಡ್ ವಾಟ್ಸಾಪಲ್ಲಿ ಕಳಿಸಿದ್ರೆ ಕೆಲಸ ಮುಗಿದ ಸಂಜೆನೇ ಹೋಸ್ಟಿಂಗ್ ಲಾಗಿನ್‌ಗೆ ಹೋಗಿ ಬದಲಾಯಿಸಿ, ಹೊಸದನ್ನ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.